ಬಾಳವ್ವ ಮುಟ್ಟಿದ ಭಂಡಾರ

ನಮ್ಮ ಆಯಿ, ಅಂದರೆ ಅಪ್ಪನ ತಾಯಿ, ಬಾಳವ್ವ ತೀರಿಕೊಂಡ ಮೇಲೆ ಅವಳನ್ನು ದೇವರಂಥ ಮುದುಕಿ ಎಂದು ಹೊಗಳುವವರು ದಿಗ್ಗೇವಾಡಿಯಲ್ಲಿ ಬಹಳ ಜನ ಹುಟ್ಟಿಕೊಂಡರು. ಆ ಮಾತು ಕೇಳಿದರೆ ನನಗೆ ಮೈ ಉರಿಯುತ್ತದೆ. ಅವಳು ಬದುಕಿದ್ದಾಗ ಇದೇ ಜನ ನಮ್ಮ ಮನೆಯ ಮುಂದೆ ಹಾಯುವಾಗ ದನಿ ತಗ್ಗಿಸುತ್ತಿದ್ದರು. ಅವಳು ಒಲೆಯ ಮುಂದೆ ಕೂತಲ್ಲಿಂದಲೇ ಇಕ್ಕಳ ಬೀಸಿ ಒಗೆದರೆ ಅದು ಪಡಸಾಲೆಯಲ್ಲಿ ಕೂತವನ ಮೊಣಕಾಲಿಗೇ ಬರುತ್ತಿತ್ತು. ಕನ್ನಡದ ಬೈಗುಳ ಮುಗಿದವೆಂದರೆ ಮರಾಠಿಯವು ಸಿದ್ಧವಾಗಿರುತ್ತಿದ್ದವು, ಮೊದಲನೆಯದು ಮುಡದ್ಯಾ, ಅಂದರೆ ಹೆಣವೇ. ಹೊಳೆಯಾಚೆ ಮಿರಜ ಕಡೆಯ ಹಳ್ಳಿಯಿಂದ, ಕನ್ನಡದ ಒಂದು ಮಾತೂ ಬಾರದೆ, ಈ ಮನೆಗೆ ಸೊಸೆಯಾಗಿ ಬಂದವಳು ಅವಳು. ತಾನು ಕಲಿತ ಮೊದಲ ಕನ್ನಡ ಬೈಗುಳವೇ ಎಂದು ಹೇಳಿಕೊಂಡು ನಗುತ್ತಿದ್ದಳು. ಈ ಮನೆಯಲ್ಲಿ ಅವಳ ಕಿವಿಗೆ ಬಿದ್ದದ್ದೇ ಅದು. ನಾನು ಅವಳನ್ನು ಪ್ರೀತಿಸಿದಷ್ಟು ಇನ್ನು ಯಾರನ್ನೂ ಪ್ರೀತಿಸಲಿಲ್ಲ, ಹೆತ್ತ ತಾಯಿಯನ್ನೂ ಸೇರಿಸಿ ಹೇಳುತ್ತಿದ್ದೇನೆ. ಆದರೆ ದೇವರಂಥವಳು ಅನ್ನಬೇಡಿ. ದೇವರಿಗೂ ಅವಳಿಗೂ ದೊಡ್ಡ ಜಗಳವೇ ಇತ್ತು. ಅದನ್ನೇ ಹೇಳಲು ಕೂತಿದ್ದೇನೆ.

ನಮ್ಮದು ಹೊಡೆತ ಬಡಿತದ ಮನೆ. ಅಜ್ಜ ಬಾರುಕೋಲನ್ನು ಪಕ್ಕದಲ್ಲಿಟ್ಟುಕೊಂಡೇ ಊಟಕ್ಕೆ ಕೂರುತ್ತಿದ್ದನಂತೆ. ರೊಟ್ಟಿ ಕರಕಾದರೆ ಆಯಿಯ ಬೆನ್ನಿಗೆ ಬೀಳುತ್ತಿತ್ತು, ಎತ್ತು ಕುಂಟಿದರೆ ಬೀಳುತ್ತಿತ್ತು, ಹೊಳೆಗೆ ಮಹಾಪೂರ ಬಂದರೂ ಬೀಳುತ್ತಿತ್ತು. ನನ್ನ ಅಪ್ಪ ಭೀಮಪ್ಪ ಇನ್ನೂ ಅಂಬೆಗಾಲಿಡುತ್ತಿದ್ದ, ಕಾಕಾ ಮಾರುತಿ ಹೊಟ್ಟೆಯಲ್ಲಿದ್ದ. ಆಗ ಒಂದು ಮಧ್ಯಾಹ್ನ ಅಜ್ಜ ಎಂದಿನಂತೆ ಬಾರುಕೋಲು ಎತ್ತಿದ. ರೊಟ್ಟಿ ಬಡಿಯುತ್ತಿದ್ದ ಆಯಿ ಎದ್ದೂ ನಿಲ್ಲಲಿಲ್ಲ. ಒಲೆಯೊಳಗಿನ ಉರಿಯುವ ಕೊಳ್ಳಿ ಎಳೆದು ಅವನ ಮುಂಗೈಗೆ ಒತ್ತಿ ಹಿಡಿದಳು, ಚರ್ಮ ಸುಟ್ಟ ವಾಸನೆ ಬರುವ ತನಕ ಬಿಡಲಿಲ್ಲ. ಆ ಕಲೆಯನ್ನು ನಾನು ಕಣ್ಣಾರೆ ನೋಡಿದ್ದೇನೆ. ಅದನ್ನು ಮುಚ್ಚಲು ಅಜ್ಜ ಬೇಸಗೆಯಲ್ಲೂ ತುಂಬುತೋಳಿನ ಅಂಗಿ ಹಾಕುತ್ತಿದ್ದ. ಅವತ್ತಿನಿಂದ ಒಂದು ಕರು ಮಾರುವುದಿದ್ದರೂ ಅವನು ಆಯಿಯನ್ನು ಕೇಳುತ್ತಿದ್ದ. ಮನೆಯ ಯಜಮಾನಿಕೆ ಅವಳ ಕೈಗೆ ಬಂದದ್ದು ಹೀಗೆ. ಈ ಕಥೆಯನ್ನು ಅವಳು ನನಗೆ ಜಡೆ ಹೆಣೆಯುವಾಗ ಹೇಳುತ್ತಿದ್ದಳು, ಬೇರೆ ಅಜ್ಜಿಯರು ರಾಜಕುಮಾರಿಯ ಕಥೆ ಹೇಳುವ ದನಿಯಲ್ಲಿ. ಮುಂದೆ ನನ್ನ ಗಂಡ ಒಂದೇ ಒಂದು ಸಲ ನನ್ನ ಮೇಲೆ ಕೈ ಎತ್ತಿದ. ನಾನು ಸುಮ್ಮನೆ ಒಲೆಯ ಕಡೆ ನೋಡಿದೆ. ಅವನು ಕೈ ಇಳಿಸಿದ.

ಅಜ್ಜ ಸತ್ತ ಮೇಲೂ ಹೊಡೆತ ನಿಲ್ಲಲಿಲ್ಲ, ಕೈ ಬದಲಾದವು ಅಷ್ಟೆ. ಅಪ್ಪನಿಗೂ ಕಾಕಾನಿಗೂ ಅಜ್ಜನ ಸಿಟ್ಟು ಸರಿಸಮ ಪಾಲು ಬಂದಿತ್ತು. ಮೀಸೆ ಬಂದ ಈ ಇಬ್ಬರು ಗಂಡಸರನ್ನು ಆಯಿ ಒಂದೇ ತಾಟಿನಲ್ಲಿ ಉಣ್ಣಲು ಕೂರಿಸುತ್ತಿದ್ದಳು. ಒಂದು ತಾಟಿನಲ್ಲಿ ಉಂಡ ಅಣ್ಣತಮ್ಮಂದಿರು ಬೇರೆಯಾಗುವುದಿಲ್ಲ ಎಂಬುದು ಅವಳ ತವರಿನ ನಂಬಿಕೆ. ಕಡಲೆಹಿಟ್ಟಿನ ಝುಣಕದ ಮೇಲಿನ ಬೆಣ್ಣೆ ಯಾರ ಕಡೆ ಜಾರಿತು ಎಂಬುದಕ್ಕೇ ಇವರು ಮೊಣಕೈಯಿಂದ ತಿವಿದುಕೊಳ್ಳುವರು, ಆಮೇಲೆ ತಾಟು ಅಂಗಳಕ್ಕೆ ಹಾರುವುದು, ಅದರ ಹಿಂದೆಯೇ ಇಬ್ಬರೂ ಮಣ್ಣಿನಲ್ಲಿ ಉರುಳುವರು. ಅವ್ವ ಮತ್ತು ಕಾಕಿ ತುಟಿ ಪಿಟಕ್ಕೆನ್ನದೆ ಬಿದ್ದ ರೊಟ್ಟಿಯನ್ನು ಕೊಡವಿ ಬುಟ್ಟಿಗೆ ಹಾಕುವರು. ಕೊನೆಗೆ ಆಯಿಯೇ ಪಾಲು ಮಾಡಿಸಿದಳು. ಮನೆಯ ನಡುವೆ ಗೋಡೆ ಎದ್ದಿತು, ಹೊಳೆದಂಡೆಯ ಕಬ್ಬಿನ ಹೊಲದ ನಡುವೆ ಬದು ಬಿತ್ತು. ಅಂಗಳ ಇಬ್ಬರಿಗೂ ಒಂದೇ ಉಳಿಯಿತು. ಹೊಳೆಯಿಂದ ನೀರೆತ್ತುವ ಮೋಟರನ್ನೂ ಕಡಿದು ಹಂಚಲು ಬರುವಂತಿರಲಿಲ್ಲ, ಅದಕ್ಕೆ ಪಾಳಿ ಹಚ್ಚಿದಳು: ಒಂದು ವಾರ ಅಣ್ಣನಿಗೆ, ಒಂದು ವಾರ ತಮ್ಮನಿಗೆ. ಅವಳು ಮಾತ್ರ ಹಿರಿಯ ಮಗನ ಪಾಲಿಗೆ, ಅಂದರೆ ನಮ್ಮ ಮನೆಗೆ, ಬಂದಳು.

ಇಂಥ ಮನೆಯಲ್ಲೂ ಸುಳ್ಳು ಮಾತ್ರ ನಡೆಯುತ್ತಿರಲಿಲ್ಲ. ದೇವರ ಜಗುಲಿಯ ಮೇಲೆ ಹಿತ್ತಾಳೆಯ ಬಟ್ಟಲಲ್ಲಿ ಚಿಂಚಲಿ ಮಾಯಕ್ಕನ ಭಂಡಾರ ಇರುತ್ತಿತ್ತು. ನೋಡಲು ಅರಿಸಿನದ ಪುಡಿ, ಅಷ್ಟೆ. ನಮ್ಮ ಕಡೆಯವರು ಅದಕ್ಕೆ ಪೊಲೀಸರಿಗಿಂತ ಹೆಚ್ಚು ಹೆದರುತ್ತಾರೆ. ಭಂಡಾರದಲ್ಲಿ ಕೈಯಿಟ್ಟು ಸುಳ್ಳು ಹೇಳಿದವರ ಕಣ್ಣನ್ನು ಮಾಯಕ್ಕ ಒಯ್ಯುತ್ತಾಳೆ ಎಂದು ನಂಬಿಕೆ. ಬದುವಿನ ಕಲ್ಲು ಸರಿಸಿಲ್ಲವೆಂದು ಭಂಡಾರ ಮುಟ್ಟಿದ್ದ ಊರಿನ ಒಬ್ಬನಿಗೆ ಮುಂದಿನ ಸುಗ್ಗಿಯಲ್ಲೇ ಕಬ್ಬಿನ ಎಲೆ ಚುಚ್ಚಿ ಕಣ್ಣುಗುಡ್ಡೆ ಹೋಯಿತು. ಅದನ್ನು ಎಲ್ಲರೂ ನೋಡಿದ್ದೆವು. ಹಾಗಾಗಿ ಆಯಿ ಬಟ್ಟಲು ತಂದು ನೆಲದ ಮೇಲೆ ಇಡುವುದರೊಳಗೆ ನಾವು ಮಕ್ಕಳು ಬೆಲ್ಲ ಕದ್ದದ್ದನ್ನು ಒಪ್ಪಿಕೊಂಡು, ಏಟು ತಿಂದು, ಕಣ್ಣು ಉಳಿಸಿಕೊಳ್ಳುತ್ತಿದ್ದೆವು. ಅಪ್ಪನೂ ಹಾಗೇ. ನೆರಳನ್ನೂ ನಂಬದ ಮನುಷ್ಯ ಅವನು, ಆದರೆ ಭಂಡಾರ ಮುಟ್ಟಿ ಹೇಳಿದ ಮಾತಿನ ಮೇಲೆ ಮತ್ತೊಂದು ಪ್ರಶ್ನೆ ಕೇಳುತ್ತಿರಲಿಲ್ಲ.

ನಾನು ಇನ್ನೂ ಲಂಗ ಉಡುತ್ತಿದ್ದ ಒಂದು ಬೇಸಗೆಯಲ್ಲಿ ಹೊಳೆ ಬಹಳ ಇಳಿಯಿತು. ಕಾಕಾನ ಪಾಳಿಯ ವಾರದಲ್ಲಿ ಅಪ್ಪ ಕಾಲುವೆಯ ಬಾಯಿ ತಿರುಗಿಸಿ ತನ್ನ ಕಬ್ಬಿಗೆ ನೀರು ಬಿಟ್ಟುಕೊಂಡ. ತಪ್ಪು ಅಪ್ಪನದೇ, ಮುಚ್ಚಿಡುವುದೇನಿದೆ. ಕಾಕಾ ಹೊಲಕ್ಕೆ ಬಂದ. ಬುತ್ತಿ ಒಯ್ದಿದ್ದ ನಾನು ಅಲ್ಲಿಯೇ ಇದ್ದೆ.

"ಯಣ್ಣಾ, ಈ ವಾರ ಪಾಳಿ ಯಾರದು?"

"ನೀರಿನ ಮ್ಯಾಲ ಹೆಸರ ಬರದೈತೇನ್ಲೇ?"

"ಇಲ್ಲ. ನಿನ್ನ ತಲೀ ಮ್ಯಾಲ ಬರೀತೀನಿ ತಡಿ."

ಬರೆದವನು ಅಪ್ಪ. ಸಲಿಕೆಯ ಹಿಡಿಯಿಂದ ಒಂದೇ ಏಟು, ಕಾಕಾನ ಹಣೆ ಒಡೆದು ರಕ್ತ ಕಾಲುವೆಯ ನೀರಿಗೆ ಇಳಿದು ನಮ್ಮ ಕಬ್ಬಿನ ಕಡೆಗೇ ಹರಿಯಿತು. ರಾಯಬಾಗದ ದವಾಖಾನೆಯಲ್ಲಿ ಹೊಲಿಗೆ ಹಾಕಿಸಿಕೊಂಡು ಬಂದ ಕಾಕಾ ಪಂಚರ ಹತ್ತಿರ ಹೋಗಲಿಲ್ಲ, ಅಂಗಳದಲ್ಲಿ ನಿಂತು ಬೈಯಲೂ ಇಲ್ಲ. ಗೋಡೆಯಾಚೆಯಿಂದ ಒಂದು ಸೊಲ್ಲೂ ಬರುತ್ತಿರಲಿಲ್ಲ. ಆಯಿ ಆ ಗೋಡೆಗೆ ಕಿವಿ ಕೊಟ್ಟು ಕೂರುವುದನ್ನು ಶುರು ಮಾಡಿದಳು. ಅವ್ವನಿಗೆ ಹೇಳುತ್ತಿದ್ದಳು:

"ಅಂವ ಬೈದಿದ್ರ ಚಲೋ ಇತ್ತು. ಮಾರುತಿ ಸುಮ್ನಾದ್ರ ನಂಗ ಹೆದರಿಕಿ ಬರತೈತಿ."

ಕೆಲವು ದಿನಗಳ ಮೇಲೆ ಒಂದು ಮಧ್ಯಾಹ್ನ ಆಯಿ, ಅವ್ವ, ನಾನು ಮೂವರೂ ಹಿತ್ತಲಲ್ಲಿ ಖಾರ ಕುಟ್ಟುತ್ತಿದ್ದೆವು. ಅಪ್ಪ ಗೊಬ್ಬರ ತರಲು ಚಿಕ್ಕೋಡಿಗೆ ಹೋಗಿದ್ದ. ಒನಕೆಯ ಸದ್ದಿನಲ್ಲಿ ಮೊದಲು ಏನೂ ಕೇಳಿಸಲಿಲ್ಲ, ಆಮೇಲೆ ಮೆಣಸಿನಕಾಯಿಯ ಘಾಟಿನ ಜೊತೆ ಇನ್ನೊಂದು ವಾಸನೆ ಬಂತು. ನಿಂತ ಕಬ್ಬಿಗೆ ಬೆಂಕಿ ಬಿದ್ದರೆ ಗೆಣ್ಣುಗಳು ಪಟಾಕಿಯ ಹಾಗೆ ಸಿಡಿಯುತ್ತವೆ. ಹೊಳೆಯ ಕಡೆಯಿಂದ ಆ ಸದ್ದು ಬರತೊಡಗಿತು. ಊರ ಗಂಡಸರು ಕೊಡ ಹಿಡಿದು ಓಡಿದರು, ಬೆಂಕಿ ಅವರಿಗೆ ಏನೂ ಬಿಡಲಿಲ್ಲ. ಅಪ್ಪ ಬರುವಷ್ಟರಲ್ಲಿ ನಮ್ಮ ಕಬ್ಬು ಕರಿ ಕೋಲುಗಳಾಗಿ ನಿಂತಿತ್ತು. ಕಾಕಾ ಅವಸರದಲ್ಲಿ ಬದು ದಾಟಿದ್ದನ್ನು ಕಂಡವರು ಅಪ್ಪನ ಕಿವಿಗೆ ಹಾಕಿದರು. ಅಪ್ಪ ಕೂಗಾಡಲಿಲ್ಲ. ಮನೆಗೆ ಬಂದು ಸೂರಿಗೆ ಸಿಕ್ಕಿಸಿದ್ದ ಕಬ್ಬು ಕಡಿಯುವ ಕೊಯ್ತಾ ಎಳೆದುಕೊಂಡ. ಕಾಕಾ ತನ್ನ ಬಾಗಿಲಲ್ಲಿ ಕೊಡಲಿ ಹಿಡಿದು ನಿಂತಿದ್ದ. ಒಬ್ಬ ಸಾಯುತ್ತಾನೆ, ಇನ್ನೊಬ್ಬ ಜೈಲಿಗೆ ಹೋಗುತ್ತಾನೆ, ಅದು ಅಂಗಳದಲ್ಲಿ ನಿಂತ ಎಲ್ಲರಿಗೂ ಗೊತ್ತಿತ್ತು. ಆಗ ಆಯಿ ಭಂಡಾರದ ಬಟ್ಟಲು ಎತ್ತಿಕೊಂಡು ಇಬ್ಬರ ನಡುವೆ ಬಂದಳು.

"ಭೀಮಾ, ನಿಲ್ಲು. ಅಂವ ಹಚ್ಚಿಲ್ಲ. ನಾ ಹಚ್ಚೀನಿ."

"ದಾರಿ ಬಿಡು ಬೇ ಯವ್ವಾ."

"ಕಡದ ಹೊಲದಾಗ ರವದಿ ಬಿದ್ದಿತ್ತು. ಸುಟ್ಟ ಬಿಡೋಣು ಅಂತ ಕಡ್ಡಿ ಕೊರದ್ನಿ. ಗಾಳಿ ಎದ್ದಿತು, ನಿನ್ನ ಕಬ್ಬಿಗೆ ಹತ್ತಿತು."

ಕಬ್ಬು ಕಡಿದ ಮೇಲೆ ಹೊಲದಲ್ಲಿ ಉಳಿಯುವ ಒಣ ಎಲೆ ರವದಿ. ಅದನ್ನು ಸುಡುವುದು ನಮ್ಮಲ್ಲಿ ಎಲ್ಲರೂ ಮಾಡುವ ಕೆಲಸ. ಗಾಳಿ ನೋಡದೆ ಹಚ್ಚಿದರೆ ಪಕ್ಕದ ಹೊಲ ಹೋಗುವುದೂ ಇದ್ದದ್ದೇ. ಆದರೂ ಅಪ್ಪ ನಂಬಲಿಲ್ಲ.

"ಭಂಡಾರ ಮುಟ್ಟಿ ಹೇಳು."

ಆಯಿ ಬೆರಳೆಲ್ಲ ಮುಳುಗುವ ತನಕ ಕೈಯನ್ನು ಬಟ್ಟಲಿಗೆ ಹಾಕಿದಳು.

"ಮಾಯಕ್ಕನ ಆಣಿ. ಬೆಂಕಿ ಇಟ್ಟಾಕಿ ನಾನ."

ಅವಳ ಇನ್ನೊಂದು ಕೈಯ ಬೆರಳಿಗೆ ಹತ್ತಿದ್ದ ಖಾರದ ಪುಡಿ ಇನ್ನೂ ಹಾಗೇ ಇತ್ತು. ಬೆಳಗಿನಿಂದ ಅವಳು ನಮ್ಮ ಜೊತೆ ಒರಳಿನ ಮುಂದೆ ಕೂತವಳು ಅಲುಗಾಡಿರಲಿಲ್ಲ, ಅದು ಅವ್ವನಿಗೂ ನನಗೂ ಗೊತ್ತು. ನಾನು ಬಾಯಿ ತೆರೆದೆನೇನೋ, ಅವ್ವ ಹಿಂದಿನಿಂದ ನನ್ನ ಕುತ್ತಿಗೆಗೆ ಉಗುರು ನಾಟಿ ಕಿವಿಯಲ್ಲಿ ಹೇಳಿದಳು:

"ಮಾತಾಡಿದಿ ಅಂದ್ರ ನಾಲಿಗಿಗೆ ಬರಿ ಹಾಕತೀನಿ."

ಅಪ್ಪ ಕೊಯ್ತಾವನ್ನು ಎರಡೂ ಕೈಯಲ್ಲಿ ಎತ್ತಿ ನಮ್ಮ ಬಾಗಿಲಿನ ಕಂಬಕ್ಕೇ ಹೊಡೆದ. ಅದು ಕಂಬದಲ್ಲಿ ನಟ್ಟುಕೊಂಡು ಅದುರಿತು. ಆಮೇಲೆ ಆಯಿಯ ಮುಖ ನೋಡದೆ ಹೇಳಿದ:

"ಇವತ್ತಿನಿಂದ ನೀ ನನ್ನ ಅವ್ವ ಅಲ್ಲ. ಮನ್ಯಾಗ ಇರು, ಉಣ್ಣು. ನನ್ನ ಜೋಡಿ ಮಾತಾಡಬ್ಯಾಡ."

ಆಡಿದಂತೆಯೇ ನಡೆದುಕೊಂಡ, ನನ್ನ ಅಪ್ಪ ಅಲ್ಲವೇ. ಆಯಿ ಒಳಮನೆ ಬಿಟ್ಟು ದನ ಕಟ್ಟುವ ಜಾಗದ ಪಕ್ಕದ ಕೋಣೆಗೆ ಹಾಸಿಗೆ ಒಯ್ದಳು. ಅವಳು ಬಡಿದ ರೊಟ್ಟಿಯನ್ನು ಅಪ್ಪ ಮುಟ್ಟುತ್ತಿರಲಿಲ್ಲ. ಹಬ್ಬದ ದಿನ ಮನೆಯವರೆಲ್ಲ ಅವಳ ಕಾಲಿಗೆ ಬೀಳುವಾಗ ಅವನು ಹೊಲಕ್ಕೆ ಹೋಗಿರುತ್ತಿದ್ದ. ಹೇಳಬೇಕಾದ್ದನ್ನು ನನ್ನ ಮೂಲಕ ಹೇಳಿಸುತ್ತಿದ್ದ: "ಆಕಿಗೆ ಹೇಳು, ಎಮ್ಮಿ ಈದೈತಿ." "ಆಕಿಗೆ ಹೇಳು, ಚಳಿ ಐತಿ, ಕಂಬಳಿ ಹೊತ್ಕೊ ಅನ್ನು." ಆಯಿ ಮೂರು ಮಾರು ದೂರದಲ್ಲೇ ಕೂತು ಎಲ್ಲವನ್ನೂ ಕೇಳಿಸಿಕೊಂಡು, ನಾನು ಹೋಗಿ ಮತ್ತೊಮ್ಮೆ ಹೇಳುವ ತನಕ ಕಾಯುತ್ತಿದ್ದಳು. ಇಷ್ಟು ಕ್ರೂರವಾದ ಮರ್ಯಾದೆಯನ್ನು ನಾನು ಮತ್ತೆಲ್ಲೂ ನೋಡಿಲ್ಲ. ನನಗಂತೂ ಕೂಗಿ ಹೇಳಬೇಕೆನ್ನಿಸುತ್ತಿತ್ತು. ಆದರೆ ಹೇಳಿದರೆ ಕಂಬದಿಂದ ಕಿತ್ತ ಆ ಕೊಯ್ತಾ ಎಲ್ಲಿಗೆ ಹೋಗುತ್ತದೆ ಎಂಬುದು ನಮ್ಮ ಮೂವರಿಗೂ ತಿಳಿದಿತ್ತು.

ಅದೇ ವರ್ಷ ಮಳೆಗಾಲದ ಆರಂಭದಲ್ಲಿ ಬಾವಿಯ ಹಿಂದೆ ಸಪ್ಪಳ ಕೇಳಿ ಹೋದೆ. ಆಯಿ ಹುಣಸೆಯ ಛಡಿಯಿಂದ ಕಾಕಾನನ್ನು ಹೊಡೆಯುತ್ತಿದ್ದಳು. ಎರಡು ಮಕ್ಕಳ ತಂದೆ, ದಪ್ಪ ಮೀಸೆಯ ಗಂಡಸು, ನೆಲದ ಮೇಲೆ ಮೊಣಕಾಲು ಮಡಚಿ ಕೂತು ಹೊಡೆಸಿಕೊಳ್ಳುತ್ತಿದ್ದ. ಬೆನ್ನಿನ ಅಂಗಿ ಹರಿದಿತ್ತು. ಛಡಿ ಮುರಿದಾಗ ಅವನೇ ಇನ್ನೊಂದು ಎತ್ತಿ ಕೊಟ್ಟ. ಅವಳು ಏಟಿಗೊಮ್ಮೆ ಒಂದೇ ಮಾತು ಹೇಳುತ್ತಿದ್ದಳು:

"ನನ್ನ ಕಣ್ಣ ಕೊಟ್ಟು ನಿನ್ನ ಜೀವಾ ತಗೊಂಡೀನಿ. ನೆನಪಿರಲಿ."

ಆಮೇಲೆ ಆಯಿ ತನ್ನ ಶಿಕ್ಷೆಗೆ ಕಾಯತೊಡಗಿದಳು. ದಿನಾ ಬೆಳಿಗ್ಗೆ ಅಂಗಳದಲ್ಲಿ ನಿಂತು ಒಂದು ಕಣ್ಣು ಮುಚ್ಚಿ, ಆಮೇಲೆ ಇನ್ನೊಂದು ಮುಚ್ಚಿ, ಬೇವಿನ ಮರ ನೋಡುತ್ತಿದ್ದಳು. "ಮಂಗಲಾ, ಆ ಟೊಂಗಿ ಮ್ಯಾಲ ಕೂತದ್ದು ಕಾಗಿ ಹೌದಲ್ಲ?" ಎಂದು ನನ್ನನ್ನು ಕೇಳುತ್ತಿದ್ದಳು. ಹೌದು ಎಂದರೆ ಅವಳಿಗೆ ಸಮಾಧಾನವೇನೂ ಆಗುತ್ತಿರಲಿಲ್ಲ, ಯಾಕೆ ತಡ ಎಂಬಂತೆ ಒಳಗೆ ಹೋಗುತ್ತಿದ್ದಳು. ವರ್ಷಗಳು ಹೋದವು, ಕಬ್ಬು ಮತ್ತೆ ಬೆಳೆಯಿತು, ನನ್ನ ಮದುವೆಯಾಗಿ ಅಥಣಿಗೆ ಹೋದೆ. ಅಷ್ಟರಲ್ಲಿ ಅವಳ ಎರಡೂ ಕಣ್ಣಿಗೆ ಪೊರೆ ಬಂದು ಬೆಳ್ಳಗಾಗಿದ್ದವು. ಮೊದಲ ಹೆರಿಗೆಗೆ ನಾನು ತವರಿಗೆ ಬಂದಾಗ ಅವಳು ನನ್ನ ಹೊಟ್ಟೆಯನ್ನು ಕೈಯಿಂದ ತಡವಿ ನೋಡಿದಳೇ ಹೊರತು ಅವಳಿಗೆ ನನ್ನ ಮುಖ ಕಾಣುತ್ತಿರಲಿಲ್ಲ. ಎಲ್ಲ ಮುದುಕರಿಗೂ ಬರುವ ಪೊರೆ ಅದು, ಮಿರಜದ ಡಾಕ್ಟರರು ತೆಗೆದು ಕಳಿಸುತ್ತಾರೆ. ಅಪ್ಪ ನನ್ನ ಮೂಲಕ ಎಷ್ಟು ಸಲ ಹೇಳಿಸಿದರೂ ಅವಳು ಒಪ್ಪಲಿಲ್ಲ. ಒಂದು ಮಧ್ಯಾಹ್ನ ಅವನು ಉಣ್ಣುತ್ತಾ ಮತ್ತೆ ಹೇಳಿದ. ಬಾಗಿಲ ಹೊರಗೆ ಕೂತಿದ್ದ ಆಯಿಗೆ ಸಿಟ್ಟು ನೆತ್ತಿಗೇರಿತು.

"ಮಾಯಕ್ಕ ಒಯ್ದ ಕಣ್ಣ ಡಾಕ್ಟರ ಹೆಂಗ ಕೊಡತಾನ? ಬರಂಗಿಲ್ಲ ಅಂತ ಹೇಳ ಅಂವಗ."

ಅಪ್ಪನ ಕೈಯ ತುತ್ತು ಬಾಯಿಗೆ ಹೋಗಲಿಲ್ಲ. ಅವನು ಬಾಗಿಲ ಕಡೆ ತಿರುಗಿ, ಅಷ್ಟು ವರ್ಷಗಳಲ್ಲಿ ಮೊದಲ ಸಲ, ನೇರವಾಗಿ ಅವಳನ್ನೇ ಕೇಳಿದ.

"ಖರೆ ಹೇಳಿದಾಕಿ ಕಣ್ಣ ಮಾಯಕ್ಕ ಯಾಕ ಒಯ್ತಾಳ?"

ಅಪ್ಪ ಅವ್ವನನ್ನು ನೋಡಿದ, ಅವ್ವ ಸೆರಗು ಎಳೆದುಕೊಂಡು ತಲೆ ತಗ್ಗಿಸಿದಳು. ನನ್ನನ್ನು ನೋಡಿದ, ನಾನೂ ತಗ್ಗಿಸಿದೆ. ಅವನು ಎಂಜಲು ಕೈಯಲ್ಲೇ ಎದ್ದು ಕೊಯ್ತಾ ಎಳೆದುಕೊಂಡು ಕಾಕಾನ ಬಾಗಿಲು ಒದ್ದ. ಕೂದಲು ಹಿಡಿದು ಅಂಗಳಕ್ಕೆ ಎಳೆದು ತಂದ. ಮೊದಲು ಕೊಯ್ತಾದ ಬೆನ್ನಿನಿಂದ ಹೊಡೆದ, ಕಾಕಾನ ಮುಂಗೈ ಎಲುಬು ಮುರಿದ ಸದ್ದು ನನಗೆ ಕೇಳಿಸಿತು. ಆಮೇಲೆ ಮುಖಕ್ಕೆ ಒದ್ದ, ಎದೆಗೆ ಒದ್ದ. ಕಾಕಾ ಒಮ್ಮೆಯೂ ತಿರುಗಿ ಕೈ ಎತ್ತಲಿಲ್ಲ. ಕಾಕಿ ಎದೆ ಬಡಿದುಕೊಂಡು ಅಳುತ್ತಿದ್ದಳು. ಅಪ್ಪ ಕೊಯ್ತಾವನ್ನು ಹರಿತದ ಬಾಯಿ ಕೆಳಗಾಗುವಂತೆ ತಿರುಗಿಸಿ ಎತ್ತಿದ. ಅಷ್ಟರಲ್ಲಿ ಆಯಿ ಗೋಡೆ ತಡವಿಕೊಂಡು ಅಂಗಳಕ್ಕೆ ಇಳಿದಳು. ಎರಡೂ ತೋಳು ಚಾಚಿ ಬಂದವಳು ದಾರಿ ತಪ್ಪಿ ದನ ನೀರು ಕುಡಿಯುವ ಬಾನಿಗೆ ಮೊಣಕಾಲು ಬಡಿಸಿಕೊಂಡಳು, ಮತ್ತೆ ದನಿ ಬಂದ ಕಡೆ ತಿರುಗಿದಳು.

"ಹೊಡಿ ಭೀಮಾ. ನನಗೇನು ಕಾಣಂಗಿಲ್ಲ. ಯಾರ ಬಿದ್ರೂ ನನಗ ಇಬ್ಬರೂ ಬಿದ್ದಂಗ."

ಅಪ್ಪ ತೇಕುತ್ತಿದ್ದ. ಕೊಯ್ತಾ ಎತ್ತಿದಲ್ಲೇ ಇತ್ತು.

"ಮಿರಜಕ್ಕ ಬರ್ತಿಯೋ ಇಲ್ಲೋ?"

"ಏನಂದಿ?"

"ಕಣ್ಣ ತೋರಸಾಕ ಬರ್ತೀ ಅಂದ್ರ ಇಂವನ್ನ ಬಿಡತೀನಿ. ಬರಂಗಿಲ್ಲ ಅಂದ್ರ ಇಲ್ಲೇ ಕಡದ ಹಾಕತೀನಿ."

ಆಯಿ ಎರಡು ಹೆಜ್ಜೆ ಹಿಂದೆ ಸರಿದಳು. ಅವಳು ಹೆದರಿದ್ದನ್ನು ನಾನು ನೋಡಿದ್ದು ಅದೊಂದೇ ಸಲ.

"ಅದು ಆಕಿ ಕೊಟ್ಟ ಶಿಕ್ಷಾ ಐತ್ಯೋ ಮಗನ. ನಾ ತಪ್ಪಿಸ್ಕೊಂಡ್ರ ಆಕಿ ನಿಮ್ಮ ಮ್ಯಾಲ ತೀರಸ್ಕೋತಾಳ. ಅದಕ್ಕ ಬರಂಗಿಲ್ಲ ಅಂತೀನಿ."

"ತೀರಸ್ಕೊಳ್ಳಲಿ. ನನ್ನ ಕಣ್ಣ ಒಯ್ಯಲಿ. ಇವನವೂ ಒಯ್ಯಲಿ."

ಕಾಕಾ ಬಿದ್ದಲ್ಲಿಂದಲೇ ರಕ್ತ ಉಗುಳಿ ಹೇಳಿದ:

"ನನ್ನವ ಮೊದಲ ಒಯ್ಯಲಿ. ಹೂಂ ಅನ್ನ ಯವ್ವಾ."

ದೇವರ ಮಾತು ಒಂದು ಕಡೆ, ಈ ಇಬ್ಬರು ಹುಚ್ಚರು ಇನ್ನೊಂದು ಕಡೆ. ಕೊನೆಗೆ ಆಯಿ ಅಲ್ಲೇ ಮಣ್ಣಿನಲ್ಲಿ ಕುಸಿದು ಕೂತಳು.

"ಗಾಡಿ ತರಸ್ರಿ. ಮೊದಲ ಇವನ ಕೈ ಕಟ್ಟಸ್ರಿ."

ಒಂದೇ ಜೀಪಿನಲ್ಲಿ ಮುರಿದ ಕೈಯೂ ಕುರುಡು ಕಣ್ಣೂ ಮಿರಜಕ್ಕೆ ಹೋದವು. ಬಹಳ ತಡ ಮಾಡಿದ್ದರಿಂದ ಒಂದು ಕಣ್ಣಿನ ಆಸೆ ಬಿಡಿ ಎಂದರು ಡಾಕ್ಟರು, ಇನ್ನೊಂದರ ಪೊರೆ ತೆಗೆದರು. ಪಟ್ಟಿ ಬಿಚ್ಚುವ ದಿನ ಯಾರು ಬೇಡವೆಂದರೂ ನಾನು ತುಂಬಿದ ಹೊಟ್ಟೆ ಹೊತ್ತುಕೊಂಡು ಹೋಗಿದ್ದೆ. ಮಂಚದ ಒಂದು ಕಡೆ ಕಾಕಾ ಪ್ಲಾಸ್ಟರ್ ಹಾಕಿದ ಕೈ ಕುತ್ತಿಗೆಗೆ ಕಟ್ಟಿಕೊಂಡು ನಿಂತಿದ್ದ, ಇನ್ನೊಂದು ಕಡೆ ಅಪ್ಪ. ಇಬ್ಬರ ನಡುವೆ ಇನ್ನೂ ಮಾತು ಶುರುವಾಗಿರಲಿಲ್ಲ. ಸಿಸ್ಟರ್ ಪಟ್ಟಿ ತೆಗೆದಳು. ಆಯಿ ಕಣ್ಣು ಕಿರಿದು ಮಾಡಿ ಮೊದಲು ಕಾಕಾನನ್ನು ನೋಡಿದಳು.

"ಮಾರುತಿ, ಇಷ್ಟ ಮುದುಕ ಆದಿಯೇನೋ?"

ಕಾಕಾ ಸಣ್ಣ ಹುಡುಗನಂತೆ ಬಿಕ್ಕಿ ಬಿಕ್ಕಿ ಅತ್ತ. ಆಮೇಲೆ ಅವಳು ಅಪ್ಪನ ಕಡೆ ತಿರುಗಿದಳು. ಸರಿಯಾಗಿ ಕಾಣಲಿಲ್ಲವೋ ಏನೋ, ಹತ್ತಿರ ಬಾ ಎಂದು ಕೈ ಮಾಡಿದಳು. ಅಪ್ಪ ಮುಖ ತೋರಿಸಲು ಬಗ್ಗಿದ. ಅವಳು ಕೈ ಬೀಸಿ ಅವನ ಕೆನ್ನೆಗೆ ಹೊಡೆದ ಹೊಡೆತಕ್ಕೆ ಇಡೀ ವಾರ್ಡು ತಿರುಗಿ ನೋಡಿತು.

"ಹಡದಾಕಿ ಮುಂದ ಕೊಯ್ತಾ ಎತ್ತತೀಯೇನು, ಮುಡದ್ಯಾ?"

ಕಣ್ಣಿಗೆ ಪೆಟ್ಟಾದೀತೆಂದು ಸಿಸ್ಟರ್ ಗಾಬರಿಯಾಗಿ ಆಯಿಯ ಎರಡೂ ಕೈ ಹಿಡಿದಳು. ಅಪ್ಪ ಬಗ್ಗಿದವನು ಏಳಲೇ ಇಲ್ಲ. ಆ ಬೆಂಕಿಯ ದಿನದಿಂದ ಅವಳ ಕೈ ಅವನ ಮೈಗೆ ತಾಗಿದ್ದು ಅದೇ ಮೊದಲು. ಅವನ ಮೂಗಿನಿಂದ, ಕಣ್ಣಿನಿಂದ ನೀರು ಹಾಸಿಗೆಯ ಮೇಲೆ ಸುರಿಯುತ್ತಿತ್ತು.

"ಕೈ ಬಿಡ್ರಿ ಸಿಸ್ಟರ್," ಎಂದ ಅಪ್ಪ. "ಇನ್ನೂ ಹೊಡಿಲಿ."